80 ವ್ಯಾಟ್ ಲೇಸರ್ ಕಟಿಂಗ್ ಯಂತ್ರ: ಬಳ್ಳಾರಿಯಲ್ಲಿ ಎರಡೂಕಾಲು ವರ್ಷ ಬಳಸಿದ ಮೇಲೆ

ಯಂತ್ರ ಚೆನ್ನಾಗಿದೆ. ಅದರ ಜೊತೆ ಕೊಟ್ಟ ತರಬೇತಿ ಚೆನ್ನಾಗಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಯಂತ್ರಕ್ಕೆ ಅನ್ಯಾಯವಾಗುತ್ತದೆ. ಐದರಲ್ಲಿ ಯಂತ್ರಕ್ಕೆ ನಾಲ್ಕು, ತರಬೇತಿಗೆ ಒಂದು.

ಕೌಲ್ ಬಜಾರ್ ಕಡೆ ನನ್ನದು ಹತ್ತು ಅಡಿ ಅಗಲದ ಅಂಗಡಿ. ನಾಮಫಲಕ, ಸ್ಮರಣಿಕೆ, ಮದುವೆ ಮಂಟಪಕ್ಕೆ ಹೆಸರು, ಜೀನ್ಸ್ ಪ್ಯಾಂಟಿನ ಸೊಂಟದ ಹಿಂದೆ ಹೊಲಿಯುವ ಚರ್ಮದ ಲೇಬಲ್, ಇವು ನನ್ನ ಕೆಲಸ. ಕೊಂಡದ್ದು 900ಕ್ಕೆ 600 ಮಿಲಿಮೀಟರ್ ಹಾಸಿನ, ಅನಿಲ ತುಂಬಿದ ಗಾಜಿನ ಟ್ಯೂಬಿನಲ್ಲಿ ಕಿರಣ ಹುಟ್ಟಿಸುವ ಕಾರ್ಬನ್ ಡೈಆಕ್ಸೈಡ್ ಲೇಸರ್. ಎರಡೂಮುಕ್ಕಾಲು ಲಕ್ಷ ಕೊಟ್ಟೆ. ಮೂರು ಮಿಲಿಮೀಟರ್ ಅಕ್ರಿಲಿಕ್ ಅನ್ನು ಬೆಣ್ಣೆಯಂತೆ ಕತ್ತರಿಸುತ್ತದೆ, ಅಂಚು ಗಾಜಿನಂತೆ ಹೊಳೆಯುತ್ತದೆ. ಕನ್ನಡ ಅಕ್ಷರಗಳ ಒತ್ತುಗಳು ಮಾತ್ರ ಬೇರೆ ತುಂಡಾಗಿ ಬೀಳುತ್ತವೆ. 'ಬಳ್ಳಾರಿ' ಎಂದು ಕತ್ತರಿಸಿದರೆ ಳ ಒತ್ತನ್ನು ಜಾಲರಿಯ ಕೆಳಗಿನಿಂದ ಹುಡುಕಿ ತೆಗೆದು ಕೈಯಿಂದ ಅಂಟಿಸಬೇಕು. ಅದು ಯಂತ್ರದ ತಪ್ಪಲ್ಲ, ನಮ್ಮ ಲಿಪಿಯ ಸೊಗಸು.

ಮಾರಿದವರು ಕಳಿಸಿದ ಹುಡುಗ ಎರಡು ಗಂಟೆ ಕಲಿಸಿದ. ಫೈಲ್ ಹಾಕುವುದು, ಫೋಕಸ್ ಇಡುವುದು, ಸ್ಟಾರ್ಟ್ ಒತ್ತುವುದು. ಹೊರಡುವ ಮುನ್ನ, ಮುಚ್ಚಳ ತೆರೆದರೆ ಲೇಸರ್ ನಿಲ್ಲಿಸಲೆಂದು ಅದರ ಅಂಚಿನಲ್ಲಿದ್ದ ಪುಟ್ಟ ಸ್ವಿಚ್ಚಿಗೆ ಒಂದು ಅಯಸ್ಕಾಂತದ ಚೂರು ಅಂಟಿಸಿ, "ಸರ್, ಇನ್ನು ಮುಚ್ಚಳ ತೆರೆದಿದ್ದರೂ ಕೆಲಸ ನಡೆಯುತ್ತದೆ, ಬೇಗ ಆಗುತ್ತದೆ" ಎಂದ. ನಾನು ಅದನ್ನು ಉಪಕಾರವೆಂದೇ ತಿಳಿದು ಚಹಾ ಕುಡಿಸಿ ಕಳಿಸಿದೆ.

ಆ ಚೂರನ್ನು ಕಿತ್ತು ಬಿಸಾಡಿದ್ದು ನನ್ನ ಸೋದರಮಾವ. ರಾಯಚೂರಿನ ಶಕ್ತಿನಗರದಲ್ಲಿ ಮೂವತ್ತು ವರ್ಷ ವಿದ್ಯುತ್ ಕೆಲಸ ಮಾಡಿ ನಿವೃತ್ತರಾದವರು. ಅಂಗಡಿಗೆ ಬಂದವರು ಕುಳಿತುಕೊಳ್ಳುವ ಮೊದಲೇ, "ಯಾರೋ ಇದನ್ನು ಅಂಟಿಸಿದವನು? ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗಿದೆ" ಎಂದರು. ಈ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಅದರ ತರಂಗಾಂತರ 10.6 ಮೈಕ್ರೋಮೀಟರ್, ನಾವು ನೋಡಬಲ್ಲ ಬೆಳಕಿನಿಂದ ಬಹಳ ದೂರ. ಹಾಸಿನ ಮೇಲೆ ಓಡಾಡುವ ಕೆಂಪು ಚುಕ್ಕೆ ಬರೀ ಗುರುತು ತೋರಿಸುವ ದೀಪ. ಎಲ್ಲಿಗೋ ತಾಗಿ ಚಿಮ್ಮಿದ ಕಿರಣ ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಸುಡುತ್ತದೆ. ಅದನ್ನು ತಡೆಯುವುದು ಮುಚ್ಚಳದ ಅಕ್ರಿಲಿಕ್ ಕಿಟಕಿ. ಪಕ್ಕದ ಅಂಗಡಿಯಲ್ಲಿರುವ ಫೈಬರ್ ಎಂಬ ಬೇರೆ ಬಗೆಯ ಲೇಸರಿಗೆ ಈ ಕಿಟಕಿ ಸಾಲದು. ಅದರ 1,064 ನ್ಯಾನೋಮೀಟರ್ ಕಿರಣ ಸಾಮಾನ್ಯ ಅಕ್ರಿಲಿಕ್ಕನ್ನೂ ದಾಟುತ್ತದೆ, ಕಣ್ಣಿನೊಳಗೂ ಇಳಿದು ಅಕ್ಷಿಪಟಲವನ್ನೇ ಸುಡುತ್ತದೆ. ಕಣ್ಣು ಕಾಯುವ ಕನ್ನಡಕವೂ ಅಷ್ಟೇ, ಅವರದು ನಮಗೆ, ನಮ್ಮದು ಅವರಿಗೆ ಎಂದು ಅದಲುಬದಲು ಮಾಡುವಂತಿಲ್ಲ.

ಅದೇ ದಿನ ಮಾವ ಯಂತ್ರದ ತಗಡಿಗೆ ಟೆಸ್ಟರ್ ಮುಟ್ಟಿಸಿದರು. ದೀಪ ಮಂಕಾಗಿ ಹೊತ್ತಿತು. ಬರಿಗಾಲಲ್ಲಿ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದುದನ್ನು ನಾನು ತಿಂಗಳುಗಟ್ಟಲೆ ಸಹಿಸಿಕೊಂಡಿದ್ದೆ! ಟ್ಯೂಬಿಗೆ ಹೋಗುವ ವೋಲ್ಟೇಜು ಇಪ್ಪತ್ತು ಸಾವಿರದ ಆಸುಪಾಸು. ಅಂಗಡಿಯಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇತ್ತು. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ, ಜಿ.ಐ. ಪೈಪ್ ಇಳಿಸಿದೆವು. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಾಯಿಬಿಟ್ಟು ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ, ಆದ್ದರಿಂದ ಮಾರ್ಚ್‌ನಿಂದ ಜೂನ್‌ವರೆಗೆ ತುಳಸಿಗೆ ಹಾಕಿದ ಹಾಗೆ ಆ ಗುಂಡಿಗೂ ನೀರು ಹಾಕುತ್ತೇನೆ.

ಇನ್ನು ಚಿಲ್ಲರ್, ಅಂದರೆ ಟ್ಯೂಬ್ ಕಾಯದಂತೆ ಅದರಲ್ಲಿ ಹರಿಸುವ ನೀರನ್ನು ತಣಿಸುವ ಪೆಟ್ಟಿಗೆ. ಇದರಲ್ಲಿ ನನಗೆ ನಿಜವಾಗಿ ಸಿಟ್ಟು ಬಂದದ್ದಿದೆ. ಯಂತ್ರದ ಜೊತೆ ಬಂದದ್ದು ಸಿಡಬ್ಲ್ಯು-3000 ಎಂಬ ಮಾದರಿಯ ಪೆಟ್ಟಿಗೆ. ಹೆಸರು ಚಿಲ್ಲರ್ ಎಂದಿದ್ದರೂ ಒಳಗೆ ಕಂಪ್ರೆಸರ್ ಇಲ್ಲ. ಕಾರಿನ ರೇಡಿಯೇಟರಿನಂತೆ ಒಂದು ಜಾಲರಿ, ಒಂದು ಫ್ಯಾನು, ಅಷ್ಟೇ. ಕೋಣೆಯ ಗಾಳಿಗಿಂತ ನೀರನ್ನು ತಣ್ಣಗೆ ಮಾಡಲು ಅದಕ್ಕೆ ಸಾಧ್ಯವೇ ಇಲ್ಲ. ಊಟಿಯಲ್ಲಿ ಅಂಗಡಿ ಇದ್ದಿದ್ದರೆ ಸಾಕಾಗುತ್ತಿತ್ತೇನೋ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಗೆ ಅದನ್ನು ಕಳಿಸಿದವರು ಭೂಪಟ ನೋಡಿರಲಿಲ್ಲ. ನೀರು ಬಿಸಿಯಾದಂತೆ ಕಿರಣದ ಶಕ್ತಿ ಕುಂದುತ್ತದೆ. ಕತ್ತರಿಸದಿದ್ದಾಗ ನಾವು ಪವರ್ ಏರಿಸುತ್ತೇವೆ, ಟ್ಯೂಬ್ ಮತ್ತಷ್ಟು ಕಾಯುತ್ತದೆ. ಮೊದಲ ಬೇಸಿಗೆಯಲ್ಲಿ ನಾನು ಮಾಡಿದ್ದು ಇದನ್ನೇ. ಕೊನೆಗೆ ಕಂಪ್ರೆಸರ್ ಇರುವ ಸಿಡಬ್ಲ್ಯು-5000 ಕೊಂಡೆ. ಈಗ ನೀರು 22 ಡಿಗ್ರಿಯಲ್ಲಿ ನಿಲ್ಲುತ್ತದೆ. ಮಳೆಗಾಲದ ತೇವದ ದಿನಗಳಲ್ಲಿ 25ಕ್ಕೆ ಏರಿಸುತ್ತೇನೆ, ಇಲ್ಲದಿದ್ದರೆ ಟ್ಯೂಬಿನ ಮೇಲೆ ಹನಿ ಕಟ್ಟುತ್ತದೆ. ಅಷ್ಟು ವೋಲ್ಟೇಜಿನ ಪಕ್ಕದಲ್ಲಿ ಹನಿ ಒಳ್ಳೆಯದಲ್ಲ. ತೊಟ್ಟಿಗೆ ಬೋರ್‌ವೆಲ್ ನೀರು ಬೇಡ, ಪಾಚಿ ಮತ್ತು ಸುಣ್ಣದ ಪದರ ಕಟ್ಟುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರನ್ನೇ ಹಾಕುತ್ತೇನೆ. ನೀರಿನ ಹರಿವು ನಿಂತರೆ ಲೇಸರ್ ತಾನಾಗಿ ಆರುವ ಸೆನ್ಸರ್ ಇದೆ. ತಿಂಗಳಿಗೊಮ್ಮೆ ಪೈಪ್ ಮಡಚಿ ಹಿಡಿದು ಅದು ಬದುಕಿದೆಯೇ ಎಂದು ನೋಡುತ್ತೇನೆ.

ಹೊಗೆಯ ಪೈಪನ್ನು ಮೊದಲು ಓಣಿಗೆ ಬಿಟ್ಟಿದ್ದೆ. ಎದುರು ಮನೆಯ ಅಜ್ಜಿ ಸಂಡಿಗೆ ಒಣಗಿಸುವ ಹೊತ್ತಿಗೇ ಅಕ್ರಿಲಿಕ್ ವಾಸನೆ ಹೊರಟಿತು. ಅವರು ಒಂದು ಸಂಡಿಗೆ ಕರಿದು ತಂದು, "ತಿಂದು ನೋಡಪ್ಪಾ" ಎಂದು ಕೈಗಿಟ್ಟರು. ಬೇರೆ ದೂರೇನೂ ಬೇಕಾಗಲಿಲ್ಲ. ಪೈಪನ್ನು ಮಾಳಿಗೆಯ ಮೇಲಕ್ಕೆ ಏರಿಸಿದೆ. ಫ್ಯಾನನ್ನು ಯಂತ್ರದ ಬದಿಗಲ್ಲ, ಪೈಪಿನ ಹೊರತುದಿಗೆ ಕೂರಿಸಿದೆ. ಆಗ ಪೈಪಿನ ತೂತುಗಳಿಂದ ಹೊಗೆ ಅಂಗಡಿಗೆ ಸೋರುವ ಬದಲು ಅಂಗಡಿಯ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ.

ಬೆಂಕಿ ಒಂದೇ ಸಲ ಹತ್ತಿದೆ, ತಪ್ಪು ನನ್ನದೇ. ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಯಲ್ಲಿ ಜಾಲರಿ ವಿನ್ಯಾಸ ಕತ್ತರಿಸಲು ಹಾಕಿ ಗಿರಾಕಿಯನ್ನು ಮಾತನಾಡಿಸಲು ಬಾಗಿಲಿಗೆ ಹೋದೆ. ಕಿರಣ ಹೊರಬರುವ ಮೂತಿಯ (ನಾಜಲ್) ಬಳಿ ಗಾಳಿ ಊದುವ ಪಂಪಿನ ಕೊಳವೆ ಕಳಚಿತ್ತು. ಗಾಳಿ ಇದ್ದರೆ ಜ್ವಾಲೆ ಮೇಲೇಳುವುದಿಲ್ಲ. ತಿರುಗಿ ನೋಡುವಾಗ ಕಿಟಕಿಯ ಹಿಂದೆ ಅಂಗೈಯಷ್ಟು ಹಳದಿ ಜ್ವಾಲೆ. ಕೆಂಪು ಗುಂಡಿ ಒತ್ತಿ, ಒದ್ದೆ ಗೋಣಿ ಹಾಕಿದೆ. ಈಗ ಪಕ್ಕದಲ್ಲಿ ಎರಡು ಕಿಲೋದ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಇದೆ. ಪುಡಿಯ ಅಗ್ನಿಶಾಮಕ ಬೆಂಕಿ ಆರಿಸುತ್ತದೆ, ಜೊತೆಗೆ ಕನ್ನಡಿ, ಲೆನ್ಸು, ಹಳಿಗಳನ್ನೂ ಮುಗಿಸುತ್ತದೆ. ಯಂತ್ರ ಓಡುವಾಗ ಮೂತ್ರಕ್ಕೂ ಹೋಗುವುದಿಲ್ಲ, ಹೋಗಲೇಬೇಕಾದರೆ ಕೆಲಸ ತಡೆಹಿಡಿಯುವ 'ಪಾಜ್' ಗುಂಡಿ ಒತ್ತಿ ಹೋಗುತ್ತೇನೆ.

ಆದರೆ ಈ ಊರಲ್ಲಿ ಲೇಸರ್ ಇಟ್ಟವರಿಗೆ ಬೆಂಕಿಗಿಂತ ದೊಡ್ಡ ಗಂಡಾಂತರ ರೆಗ್ಜಿನ್. ಜೀನ್ಸ್ ಲೇಬಲ್ಲಿಗೆ ಚರ್ಮ ದುಬಾರಿ, ರೆಗ್ಜಿನ್ ಅಗ್ಗ. "ಅಣ್ಣಾ, ಇದೊಂದು ಸಲ ಮಾಡಿಕೊಡಿ, ಐನೂರು ಪೀಸು ಅಷ್ಟೇ" ಎಂದು ಸುರುಳಿ ತರುತ್ತಾರೆ. ರೆಗ್ಜಿನ್ ಮೇಲಿನ ಲೇಪ ಬಹುಪಾಲು ಪಿ.ವಿ.ಸಿ., ಕ್ಲೋರಿನ್ ಇರುವ ಪ್ಲಾಸ್ಟಿಕ್. ಅದನ್ನು ಲೇಸರ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ತೇವಕ್ಕೆ ತಾಗಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಶ್ವಾಸಕೋಶಕ್ಕೂ ಕೇಡು, ಹಳಿಗಳಿಗೂ ತುಕ್ಕು. ಬರೀ "ಆಗುವುದಿಲ್ಲ" ಎಂದರೆ ಗಿರಾಕಿ ನಂಬುವುದಿಲ್ಲ, ಹೆಚ್ಚು ದರಕ್ಕಾಗಿ ನಾಟಕವಾಡುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಹಾಗಾಗಿ ತೋರಿಸುತ್ತೇನೆ. ಅಂಗಡಿಯ ಹೊರಗೆ, ಗಾಳಿಗೆ ಬೆನ್ನು ಕೊಟ್ಟು, ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಜ್ವಾಲೆಯಲ್ಲಿ ಬಣ್ಣವೇನೂ ಬಾರದ ತನಕ ಕಾಯಿಸುತ್ತೇನೆ. ಬಿಸಿ ತುದಿಯನ್ನು ರೆಗ್ಜಿನ್ನಿಗೆ ಒತ್ತಿದರೆ ಸಾಸಿವೆಯಷ್ಟು ಅಂಟಿಕೊಳ್ಳುತ್ತದೆ. ಮತ್ತೆ ಜ್ವಾಲೆಗೆ ಹಿಡಿದರೆ ಗಿಳಿಹಸಿರು ಬೆಂಕಿ. ಹಸಿರು ಕಂಡರೆ ಕ್ಲೋರಿನ್ ಇದೆ ಎಂದು ಲೆಕ್ಕ, ಆ ಸುರುಳಿ ನನ್ನ ಯಂತ್ರಕ್ಕೆ ಹೋಗುವುದಿಲ್ಲ. ಹಸಿರು ಕಂಡ ಮೇಲೂ ವಾದಿಸಿದವರು ಒಬ್ಬರೇ. ಅವರು ಬೇರೆ ಅಂಗಡಿ ಹುಡುಕಿಕೊಂಡರು.

ಲೆನ್ಸಿನ ಬಗ್ಗೆ ಒಂದು ಮಾತು. ಅದಿರು ಲಾರಿಗಳ ದಾರಿಯ ಧೂಳು ಎಲ್ಲಿಗೂ ಬರುತ್ತದೆ. ಒರೆಸಿದ ಹತ್ತಿಯ ತುದಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಕೊಳೆ ಕಟ್ಟಿದ ಲೆನ್ಸು ಕಿರಣವನ್ನು ದಾಟಿಸುವ ಬದಲು ತಾನೇ ಹೀರಿ ಕಾದು ಬಿರಿಯುತ್ತದೆ. ವಾರಕ್ಕೆರಡು ಸಲ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇನೆ. ಆ ಹಳದಿ ಲೆನ್ಸು ಝಿಂಕ್ ಸೆಲೆನೈಡ್, ವಿಷ. ಒಡೆದರೆ ಬರಿಗೈಯಲ್ಲಿ ಮುಟ್ಟಬೇಡಿ.

ಇಪ್ಪತ್ತನೆಯ ತಿಂಗಳಲ್ಲಿ ಟ್ಯೂಬ್ ಸತ್ತಿತು. ಆ ಮೊದಲ ಬೇಸಿಗೆಯ ಸಾಲ ಅದು ಎಂದು ನನ್ನ ಅಂದಾಜು. ಹೊಸದು ಬಂದಾಗ ಪೆಟ್ಟಿಗೆಯನ್ನು ಡ್ರೈವರನ ಮುಂದೆಯೇ ತೆರೆದು, ಗಾಜನ್ನು ಬಿಸಿಲಿಗೆ ಹಿಡಿದು ಉದ್ದಕ್ಕೂ ನೋಡಿ ಆಮೇಲೆ ಸಹಿ ಹಾಕಿದೆ. ಒಂದು ತುದಿಯಲ್ಲಿ ಕೂದಲೆಳೆಯ ಬಿರುಕಿತ್ತು. ಅಲ್ಲಿಂದಲೇ ವಾಪಸ್ ಕಳಿಸಿದೆ, ಹನ್ನೊಂದು ದಿನಕ್ಕೆ ಎರಡನೆಯದು ಬಂತು. ಅಷ್ಟರ ಮಟ್ಟಿಗೆ ಮಾರಿದವರ ಸೇವೆಗೆ ಅರ್ಧ ನಕ್ಷತ್ರ ಹೆಚ್ಚಿಗೆ ಕೊಡಬಹುದು.