ಅಡಿಕೆ ಹಾಳೆಯೋ, ತೆಂಗಿನ ಗರಿಯೋ? ಪುಟ್ಟ ಮಕ್ಕಳ ಆಟಿಕೆಗೆ

ಕಾಸರಗೋಡಿನ ಕುಂಬಳೆಯ ಕಡಲಬದಿಯಲ್ಲಿ ತೆಂಗಿನ ಗರಿ ಧಾರಾಳ. ಬದಿಯಡ್ಕ, ಪೆರ್ಲದ ತೋಟಗಳಲ್ಲಿ ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪೊರೆ. ಎರಡೂ ಸಿಗುವ ಮನೆಯವರು ಮಗುವಿನ ವಯಸ್ಸು ನೋಡಿ ಆರಿಸಿಕೊಳ್ಳಿ.

ಗರಿಯ ಗಿರಗಿಟ್ಲೆಗೆ ಹತ್ತು ನಿಮಿಷ ಸಾಕು. ಬಲಿತ ಹಸಿರು ಗರಿಯ ಕಡ್ಡಿ ಸೀಳಿ ತೆಗೆದು, 2 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ನಾಲ್ಕು ಪಟ್ಟಿ ಮಾಡಿ. ಅರ್ಧಕ್ಕೆ ಮಡಚಿ, ಪ್ರತಿಯೊಂದೂ ಪಕ್ಕದ್ದನ್ನು ಅಪ್ಪುವಂತೆ ಹೆಣೆದು, ಕೊನೆಯದರ ತುದಿಯನ್ನು ಮೊದಲನೆಯದರ ಮಡಿಕೆಗೆ ತೂರಿಸಿ ನಾಲ್ಕೂ ಕಡೆ ಎಳೆಯಿರಿ. ನಡುವಿನ ತೂತಿಗೆ ಹಿಡಿಸೂಡಿ (ತೆಂಗಿನ ಕಡ್ಡಿಯ ಪೊರಕೆ) ಕಡ್ಡಿ ತೂರಿಸಿ; ತೂತು ಬಿಗಿಯಾದರೆ ತಿರುಗದು. ಎಳೆಯ ಸುಳಿ ಬಾಡುತ್ತದೆ, ಒಣಗಿದ ಗರಿ ಸೀಳುತ್ತದೆ. ಹಿಡಿಸೂಡಿ ಕಡ್ಡಿಯ ತುದಿ ಕಣ್ಣಿಗೆ ಅಪಾಯ. ನಾಲ್ಕು ವರ್ಷ ದಾಟದ ಮಗುವಿಗೆ ಬೇಡ. ಎರಡು ದಿನದಲ್ಲಿ ಗರಿ ಸುರುಟಿಕೊಳ್ಳುತ್ತದೆ, ಮತ್ತೆ ಹೊಸತು ಬೇಕು.

ಹಾಳೆಯದು ಬೇರೆ ಸ್ವಭಾವ. ಬಿದ್ದ ಹಾಳೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸದೆ ಮಡಚಿದರೆ ನಾರಿನ ಗುಂಟ ಬಿರಿಯುತ್ತದೆ. ಸೋಗೆಯ ಎಲೆ ಸವರಿ ದಂಡು ಉಳಿಸಿದರೆ ಎಳೆಯುವ ಬಂಡಿ ಸಿದ್ಧ: ಎರಡು ವರ್ಷದ ಮಗು ಕೂರಬಹುದು, ಅಕ್ಕ ಎಳೆಯಬಹುದು. ಅಂಚು ಕೈ ಕೊಯ್ಯದಂತೆ ಕತ್ತರಿಸಿ. ನಮ್ಮ ಮೆಚ್ಚುಗೆ ಇದಕ್ಕೇ.

ಉಳಿದ ಹಾಳೆಯಲ್ಲಿ ಊಟದ ತಟ್ಟೆ ಮಾಡುವುದಾದರೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ್ದು ಬೇಡ. ಆ ದ್ರಾವಣದಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಇರುತ್ತದೆ. ಕಪ್ಪು ಬೂಸ್ಟು ಹಿಡಿದದ್ದೂ ಬೇಡ.