ಫಿಲ್ಟರು, ಸಾಬೂನು, ಬೈರಾಸು, ಕಾವಲಿ: ದಿನಾ ಕೈಗೆ ಸಿಗುವ ಖುಷಿ

ಹೊಸ ಕಾಫಿ ಫಿಲ್ಟರು ಕೊಳ್ಳುವ ಮುಂಚೆ ಅದರ ಮೇಲಿನ ಪಾತ್ರೆಯನ್ನು ಅಂಗಡಿಯ ದೀಪಕ್ಕೆ ಎತ್ತಿ ಹಿಡಿದು ತಳ ನೋಡಿ. ತೂತುಗಳೆಲ್ಲ ಒಂದೇ ಅಳತೆಯಲ್ಲಿ, ಸೂಜಿಮೊನೆಯಷ್ಟು ಸಣ್ಣಗೆ, ಬೆಳಕು ಹಾಯುವಂತಿರಬೇಕು. ಅಲ್ಲಲ್ಲಿ ಮುಚ್ಚಿಕೊಂಡಿದ್ದರೆ ಡಿಕಾಕ್ಷನ್ ಇಳಿಯಲು ಗಂಟೆ ಹಿಡಿಯುತ್ತದೆ. ದೊಡ್ಡದಾಗಿದ್ದರೆ ಪುಡಿಯೇ ಇಳಿದು ಲೋಟದ ತಳದಲ್ಲಿ ಮಡ್ಡಿ ಕೂರುತ್ತದೆ. ಆಮೇಲೆ ಮೇಲಿನ ಪಾತ್ರೆಯನ್ನು ಕೆಳಗಿನದರ ಮೇಲೆ ಕೂರಿಸಿ ಅಲ್ಲಾಡಿಸಿ ನೋಡಿ. ವಾಲಾಡಬಾರದು, ಹಾಗಂತ ಎರಡು ಕೈ ಹಾಕಿ ತಿರುಚಿದರಷ್ಟೇ ಬಿಡುವಷ್ಟು ಬಿಗಿಯೂ ಇರಬಾರದು.

ಇಲ್ಲಿ ಹೇಳಹೊರಟಿರುವ ಸಾಮಾನುಗಳೆಲ್ಲ ಇಂಥವೇ. ಕೊಳ್ಳುವಾಗ ಎರಡು ನಿಮಿಷ ಗಮನ, ಬಳಸುವಾಗ ತುಸು ತಿಳಿವಳಿಕೆ ಬೇಡುತ್ತವೆ. ಅಷ್ಟು ಕೊಟ್ಟರೆ ಬೆಳಗಿನಿಂದ ರಾತ್ರಿಯವರೆಗೆ ಮನಸ್ಸಿಗೆ ಹಿತ ಕೊಡುತ್ತವೆ. ಇವುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಬಳಸುವ ರೀತಿಯಿಂದ ಹುಟ್ಟಿದವು. ಹಾಗಾಗಿ ಹೊಗಳುವುದರ ಜೊತೆಗೆ ಎಲ್ಲಿ ಕೈಕೊಡುತ್ತವೆ, ಯಾಕೆ ಎಂಬುದನ್ನೂ ಬಿಡಿಸಿ ಹೇಳಬೇಕು.

ಫಿಲ್ಟರಿನ ಅಳತೆಯಿಂದ ಶುರುಮಾಡೋಣ. ಇಬ್ಬರಿಗೆ ಕಾಫಿ ಮಾಡುವ ಮನೆಯಲ್ಲಿ ಎಂಟು ಜನರ ಫಿಲ್ಟರು ಇದ್ದರೆ ಒಳ್ಳೆಯ ಕಾಫಿ ಆಗುವುದಿಲ್ಲ. ಅಗಲವಾದ ತಳದಲ್ಲಿ ಪುಡಿ ತೆಳ್ಳಗೆ ಹರಡಿಕೊಳ್ಳುತ್ತದೆ, ನೀರು ಅದರ ಸಾರ ಹೀರುವ ಮೊದಲೇ ಜಾರಿ ಇಳಿಯುತ್ತದೆ. ಪುಡಿ ಹಾಕಿದಾಗ ಮೇಲಿನ ಪಾತ್ರೆಯ ಕಾಲು ಭಾಗದಿಂದ ಮೂರನೇ ಒಂದು ಭಾಗ ತುಂಬುವಂತಿದ್ದರೆ ಅಳತೆ ಸರಿ. ನೆಂಟರು ಬಂದಾಗಿನ ಲೆಕ್ಕ ಹಿಡಿದು ದೊಡ್ಡದನ್ನೇ ಕೊಳ್ಳುವ ಬದಲು ಚಿಕ್ಕದೊಂದು, ದೊಡ್ಡದೊಂದು ಇಟ್ಟುಕೊಳ್ಳುವುದು ಜಾಣತನ. ಸ್ಟೀಲಿನದು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹತ್ತಾರು ವರ್ಷ ಬಾಳುತ್ತದೆ. ಹಿತ್ತಾಳೆಯದು ನೋಡಲು ಚೆಂದ, ಬಿಸಿಯನ್ನೂ ಹಿಡಿದಿಡುತ್ತದೆ. ಆದರೆ ಒಳಗೆ ಕಲಾಯಿ ಇರಲೇಬೇಕು, ಅದು ಸವೆದಾಗ ಮತ್ತೆ ಹಾಕಿಸಬೇಕು. ಕಲಾಯಿ ಹಾಕುವವರು ಹತ್ತಿರದಲ್ಲಿ ಇಲ್ಲದ ಊರಿನವರು ಸ್ಟೀಲನ್ನೇ ತೆಗೆದುಕೊಳ್ಳಿ.

ಪುಡಿಯ ವಿಷಯದಲ್ಲಿ ಪುಡಿ ಅಂಗಡಿಯವರಿಗೆ ಮೂರು ಸಂಗತಿ ಹೇಳಬೇಕು: ಬೀಜ ಯಾವುದು, ಚಿಕೋರಿ ಎಷ್ಟು, ಎಷ್ಟು ನುಣ್ಣಗೆ. ಪ್ಲಾಂಟೇಶನ್ ಎ (ದೊಡ್ಡ ಅರೇಬಿಕಾ ಬೀಜ) ಮತ್ತು ಪೀಬೆರಿ (ಹಣ್ಣಿಗೊಂದೇ ಇರುವ ದುಂಡು ಬೀಜ) ಸಮಸಮ ಬೆರೆಸಿದರೆ ಪರಿಮಳ ಚೆನ್ನಾಗಿರುತ್ತದೆ. ಕಾಲು ಭಾಗ ರೋಬಸ್ಟಾ ಎಂಬ ಗಡಸು ರುಚಿಯ ಬೀಜ ಸೇರಿದರೆ ಹಾಲಿನ ನಡುವೆಯೂ ಕಾಫಿಯ ಗಡಸು ಉಳಿಯುತ್ತದೆ. ಚಿಕೋರಿ ಒಂದು ಬೇರಿನ ಪುಡಿ. ಬಣ್ಣ, ಮಂದ, ತುಸು ಸಿಹಿಕಹಿ ಕೊಡುತ್ತದೆ, ಕೆಫೀನ್ ಇಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು ಎಂಬ ನಿಯಮವಿದೆ. ಕೊಳ್ಳುವಾಗ ಅದನ್ನು ಓದಿ. ಶೇ. 15ರಿಂದ 20 ಚಿಕೋರಿ ಹದ. ಅದಕ್ಕಿಂತ ಹೆಚ್ಚಾದಷ್ಟೂ ನೀರು ಬಿದ್ದ ಪುಡಿ ಉಬ್ಬಿ ಅಂಟಂಟಾಗಿ ಡಿಕಾಕ್ಷನ್ ನಿಧಾನಕ್ಕೆ ಇಳಿಯುತ್ತದೆ. ಚಿರೋಟಿ ರವೆಗಿಂತ ನುಣ್ಣಗೆ, ಮೈದಾಹಿಟ್ಟಿಗಿಂತ ತರಿಯಾಗಿ ಇರುವಂತೆ ಬೀಸಿಸಿ. ಒಂದು ಸಲಕ್ಕೆ ಕಾಲು ಕಿಲೋ ಸಾಕು. ಹದಿನೈದು ದಿನ ಕಳೆದ ಮೇಲೆ ಡಬ್ಬಿ ತೆರೆದರೂ ಘಮ್ಮೆನ್ನುವುದಿಲ್ಲ.

ಎರಡು ಲೋಟಕ್ಕೆ 30 ಗ್ರಾಂ ಪುಡಿ. ನೀರು 150 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದು ಉಳಿಸಿಕೊಳ್ಳುವುದರಿಂದ ಕೆಳಗೆ ಸಿಗುವುದು 90 ಮಿಲಿ ಗಟ್ಟಿ ಡಿಕಾಕ್ಷನ್. ಪುಡಿ ಹಾಕಿ ಪಾತ್ರೆಯನ್ನು ಎರಡು ಸಲ ಮೆಲ್ಲಗೆ ತಟ್ಟಿ ಸಮಮಾಡಿ, ಒತ್ತುಬಿಲ್ಲೆಯನ್ನು ಹಗುರಾಗಿ ಕೂರಿಸಿ. ಬಿಲ್ಲೆಯ ಕೆಲಸ ಸುರಿಯುವ ನೀರು ಪುಡಿಯಲ್ಲಿ ಗುಂಡಿ ತೋಡದಂತೆ ನೋಡಿಕೊಳ್ಳುವುದು. ಬಲ ಹಾಕಿ ಒತ್ತಿದರೆ ನೀರಿಗೆ ದಾರಿಯೇ ಇಲ್ಲದಂತಾಗುತ್ತದೆ. ಕುದಿ ಬಂದ ನೀರನ್ನು ಇಳಿಸಿ ಅರ್ಧ ನಿಮಿಷ ಬಿಟ್ಟು, ಮೊದಲು ಎರಡು ಚಮಚದಷ್ಟನ್ನು ಸುತ್ತ ಹಾಕಿ ಪುಡಿ ನೆನೆಯಲು ಬಿಡಿ. ಆಮೇಲೆ ಉಳಿದದ್ದನ್ನು ಸುರಿದು ಮುಚ್ಚಳ ಮುಚ್ಚಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿದಿರಬೇಕು. ಐದು ನಿಮಿಷಕ್ಕೇ ಮುಗಿದರೆ ಪುಡಿ ತರಿ, ಇಲ್ಲವೇ ಕಡಿಮೆ. ಇಳಿಯುವುದೇ ನಿಂತರೆ ಗಾಬರಿ ಬೇಡ. ಎಷ್ಟೋ ಸಲ ಎರಡು ಪಾತ್ರೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಬಿಟ್ಟರೆ ಮತ್ತೆ ತೊಟ್ಟಿಕ್ಕತೊಡಗುತ್ತದೆ. ಸ್ಟೀಲಿನದಾದರೆ ತಿಂಗಳಿಗೊಮ್ಮೆ ಖಾಲಿ ಪಾತ್ರೆಯ ತಳವನ್ನು ಸಣ್ಣ ಉರಿಗೆ ಹಿಡಿದು, ತೂತುಗಳಲ್ಲಿ ಕೂತ ಚರಟ ಸುಟ್ಟ ಮೇಲೆ ಆರಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಹೊಸದರಂತಾಗುತ್ತದೆ.

ಡಿಕಾಕ್ಷನ್ನನ್ನು ಒಲೆಯ ಮೇಲೆ ಕುದಿಸಬೇಡಿ, ಪರಿಮಳ ಹಾರಿಹೋಗಿ ಕಹಿ ಉಳಿಯುತ್ತದೆ. ಆಗ ತಾನೇ ಉಕ್ಕಿದ ಹಾಲಿಗೆ ಬೆರೆಸಿ. ಹಾಲು ಮೂರು ಪಾಲು, ಡಿಕಾಕ್ಷನ್ ಒಂದು ಪಾಲು. ನಾಲ್ಕು ಸಲ ಕಾಯಿಸಿದ ಹಾಲಿನಲ್ಲಿ ಎಂಥ ಪುಡಿಯೂ ಸೋಲುತ್ತದೆ.

ಮೈಸೂರ್ ಸ್ಯಾಂಡಲ್ ಸಾಬೂನಿನ ಬಗ್ಗೆ ಕನ್ನಡಿಗರಿಗೆ ಹೊಸದಾಗಿ ಪರಿಚಯ ಬೇಕಿಲ್ಲ, ಬಳಕೆಯ ಮಾತು ಬೇಕು. ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿಗೆ ಹೋಗಬೇಕಿದ್ದ ಗಂಧದ ಮರ ಮೈಸೂರು ಸಂಸ್ಥಾನದಲ್ಲೇ ರಾಶಿ ಬಿದ್ದಾಗ, 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಇಲ್ಲೇ ಶುರುವಾಯಿತು. 1918ರಲ್ಲಿ ಸಾಬೂನು ಬಂತು. ಆನೆಯ ತಲೆ, ಸಿಂಹದ ಮೈಯ ಶರಭ ಅಂದಿನಿಂದ ಇಂದಿನವರೆಗೂ ಪೊಟ್ಟಣದ ಮೇಲಿದೆ. ಅದರಲ್ಲಿರುವುದು ನಿಜವಾದ ಗಂಧದೆಣ್ಣೆ, ಜೊತೆಗೆ ಬೇರೆ ಸುಗಂಧ ತೈಲಗಳೂ ಸೇರುತ್ತವೆ. ಪೊಟ್ಟಣದ ಮೇಲೆ ಗ್ರೇಡ್ 1 ಎಂದಿರುವುದನ್ನು ಗಮನಿಸಿ. ಸಾಬೂನಿನ ಕೊಬ್ಬಿನಂಶ ಶೇ. 76ಕ್ಕೆ ಕಡಿಮೆಯಿಲ್ಲದಿದ್ದರೆ ಮಾತ್ರ ಆ ದರ್ಜೆ ಸಿಗುತ್ತದೆ. ಹಾಗಾಗಿಯೇ ಈ ಬಿಲ್ಲೆ ಗಟ್ಟಿ, ನೊರೆ ದಟ್ಟ.

ಬೇಗ ಕರಗುತ್ತದೆ ಎಂಬ ದೂರಿಗೆ ಕಾರಣ ಬಹುತೇಕ ಸಾಬೂನು ಪೆಟ್ಟಿಗೆ. ತಳದಲ್ಲಿ ನೀರು ನಿಲ್ಲುವ ಪೆಟ್ಟಿಗೆಯಲ್ಲಿಟ್ಟರೆ ಎರಡೇ ದಿನಕ್ಕೆ ಲೊಳೆಲೊಳೆ. ತೂತುಗಳಿರುವ, ಬಿಲ್ಲೆ ಎತ್ತರದಲ್ಲಿ ಕೂರುವ ತಟ್ಟೆಯಲ್ಲಿ, ಬಕೆಟ್ಟಿನ ನೀರು ಸಿಡಿಯದ ಕಡೆ ಇಡಿ. ತಂದ ಪೊಟ್ಟಣಗಳನ್ನು ಬಿಚ್ಚಿ ಎರಡು ಮೂರು ವಾರ ಬಟ್ಟೆಯ ಬೀರುವಿನಲ್ಲಿಟ್ಟರೆ ತೇವ ಆರಿ ಬಿಲ್ಲೆ ಗಟ್ಟಿಯಾಗುತ್ತದೆ, ಹೆಚ್ಚು ದಿನ ಬರುತ್ತದೆ, ಸೀರೆಗಳಿಗೂ ಪರಿಮಳ. ನೊರೆ ಬರುವುದಿಲ್ಲ ಎನ್ನುವವರು ತಮ್ಮ ನೀರನ್ನು ನೋಡಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸುಣ್ಣದಂಶ ಸಾಬೂನಿನೊಡನೆ ಸೇರಿ ಬಿಳಿ ಗಷ್ಟಾಗಿ ಬಕೆಟ್ಟಿಗೆ ಅಂಟುತ್ತದೆ, ನೊರೆ ಸಾಯುತ್ತದೆ. ಕಾವೇರಿ ನೀರಿನಲ್ಲಿ ಅದೇ ಬಿಲ್ಲೆ ಬೇರೆಯೇ ಅನ್ನಿಸುತ್ತದೆ. ಇದರ ನಿಜವಾದ ಮಿತಿ ಒಂದಿದೆ. ಇದು ಕ್ಷಾರದ ಸಾಬೂನು, ಧಾರವಾಡ ಬೆಳಗಾವಿಯ ಚಳಿಗಾಲದಲ್ಲಿ ಮೈ ಬಿರಿಯುವವರಿಗೆ ಎಣ್ಣೆ ಹಚ್ಚದೆ ಸಾಲದು. ಹೆಚ್ಚು ಬೆಲೆಯ ಗೋಲ್ಡ್ ಬಿಲ್ಲೆಯಲ್ಲಿ ಗಂಧ ಗಾಢ, ಆದರೆ ದಿನಬಳಕೆಗೆ ಹಳೆಯದೇ ಸಾಕು. ನಕಲಿಯೂ ಓಡಾಡುತ್ತದೆ, 2024ರ ಆರಂಭದಲ್ಲಿ ಹೈದರಾಬಾದಿನಲ್ಲಿ ನಕಲಿ ದಾಸ್ತಾನು ಸಿಕ್ಕಿಬಿದ್ದಿತ್ತು. ಅಂಚು ಕಳಪೆಯಾಗಿ ಅಂಟಿಸಿದ, ಅಕ್ಷರ ಮಸುಕಾದ ಪೊಟ್ಟಣ ಬೇಡ.

ಸ್ನಾನದ ಮಾತು ಬಂದಮೇಲೆ ಬೈರಾಸು. ಚೌಕುಳಿಯ ತೆಳ್ಳನೆಯ ಹತ್ತಿ ಬಟ್ಟೆ. ದಪ್ಪ ಟವೆಲ್ಲಿಗಿಂತ ಬೇಗ ಒಣಗುತ್ತದೆ, ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಅದೇ ದೊಡ್ಡ ಗುಣ. ಹೊಸದು ನೀರು ಹೀರುವುದಿಲ್ಲ, ಯಾಕೆಂದರೆ ನೂಲಿಗೆ ಗಂಜಿ ಹಾಕಿರುತ್ತಾರೆ. ರಾತ್ರಿಯಿಡೀ ನೆನೆಸಿ, ಬೇರೆ ಬಟ್ಟೆಯೊಂದಿಗೆ ಸೇರಿಸದೆ ಮೂರು ಸಲ ಒಗೆದ ಮೇಲೆ ಮೆತ್ತಗಾಗುತ್ತದೆ. ಬಟ್ಟೆ ಮೆದುಮಾಡುವ ದ್ರಾವಣ ಮಾತ್ರ ಹಾಕಬೇಡಿ, ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಟ್ಟು ಹೀರುವ ಶಕ್ತಿಯನ್ನೇ ಕೊಲ್ಲುತ್ತದೆ.

ಇನ್ನು ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿ. ಈ ಪಟ್ಟಿಯಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದೇ, ಅತಿ ಹೆಚ್ಚು ಕೊಡುವುದೂ ಇದೇ. ನಾನ್‌ಸ್ಟಿಕ್ ಲೇಪ ಕೆಲವೇ ವರ್ಷಕ್ಕೆ ಸವೆದು ಕಾವಲಿ ಮೂಲೆ ಸೇರುತ್ತದೆ. ಬೀಡಿನದು ಬಳಸಿದಷ್ಟೂ ನಯವಾಗುತ್ತದೆ, ಸೊಸೆಯ ಕಾಲಕ್ಕೂ ಉಳಿಯುತ್ತದೆ. ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಣಣ್ ಎಂದರೆ ಒಳ್ಳೆಯದು, ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ಮನೆಯ ಗ್ಯಾಸ್ ಒಲೆಗೆ 28 ಸೆಂಟಿಮೀಟರ್ ಅಗಲ ಸಾಕು. ಅದಕ್ಕಿಂತ ದೊಡ್ಡದಾದರೆ ನಡು ಸುಡುತ್ತದೆ, ಅಂಚು ಬೇಯುವುದಿಲ್ಲ. ದಪ್ಪ 4ರಿಂದ 5 ಮಿಲಿಮೀಟರ್ ಇರಲಿ, ತೂಕ ಎರಡೂವರೆ ಕಿಲೋದ ಸುತ್ತ. ಮಣಿಕಟ್ಟಿನ ನೋವಿರುವವರಿಗೆ ಈ ಭಾರ ಕಷ್ಟವೇ.

ಕಾವಲಿ ಪಳಗಿಸುವ ಕ್ರಮ ಹೀಗೆ. ಅಂಗಡಿಯಿಂದ ಬಂದದ್ದಕ್ಕೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಅಥವಾ ಮೇಣ ಸವರಿರುತ್ತಾರೆ. ಬಿಸಿನೀರು, ಸಾಬೂನು ಪುಡಿ, ತೆಂಗಿನ ನಾರು ಹಾಕಿ ನೀರು ತಿಳಿಯಾಗುವ ತನಕ ತಿಕ್ಕಿ ತೊಳೆಯಿರಿ. ಎರಡು ಮೂರು ದಿನ ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕುವ ರೂಢಿಯಿದೆ. ದಿನಾ ನೀರು ಬದಲಿಸಿ, ತಿಕ್ಕಿ. ಆಮೇಲೆ ಒರೆಸಿ ಒಲೆಯ ಮೇಲಿಟ್ಟು ತೇವ ಪೂರ್ತಿ ಆರಿಸಿ. ಈಗ ಅರ್ಧ ಚಮಚ ಎಣ್ಣೆ ಸವರಿ, ಸವರಿದ್ದೇ ತಪ್ಪಾಯಿತೇನೋ ಎಂಬಂತೆ ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಎಲ್ಲ ಇರುವುದು ಈ ಒರೆಸುವುದರಲ್ಲೇ. ಕಾದ ಕಬ್ಬಿಣದ ಮೇಲೆ ತೆಳ್ಳನೆಯ ಎಣ್ಣೆ ಬದಲಾಗಿ ಗಟ್ಟಿ ಪೊರೆಯಾಗುತ್ತದೆ, ದೋಸೆ ಏಳುವುದು ಆ ಪೊರೆಯಿಂದ. ಎಣ್ಣೆ ದಪ್ಪವಾದರೆ ಪೊರೆ ಆಗದೆ ಬೆಲ್ಲದ ಪಾಕದಂತೆ ಅಂಟಂಟು ಕೂರುತ್ತದೆ. ಹೊಗೆ ಬಂದು ನಿಲ್ಲುವ ತನಕ ಮಧ್ಯಮ ಉರಿಯಲ್ಲಿ ಕಾಯಿಸಿ, ಆರಿಸಿ, ಮತ್ತೆ ಸವರಿ. ಕಿಟಕಿ ತೆರೆದಿಟ್ಟು ಐದು ಸಲ ಮಾಡಿ. ಮೊದಲ ಹತ್ತು ದೋಸೆ ಹರಿದುಬಂದರೂ ಬೇಸರ ಬೇಡ, ಎಣ್ಣೆ ಹೆಚ್ಚು ಹಾಕಿ ದಪ್ಪ ಸೆಟ್ ದೋಸೆ ಹುಯ್ಯಿರಿ. ತೆಳು ಮಸಾಲೆ ದೋಸೆಗೆ ಎರಡು ವಾರ ಕಾಯಿರಿ.

ಪಳಗಿದ ಕಾವಲಿಯಲ್ಲೂ ದೋಸೆ ಕೆಡುವುದುಂಟು. ಹಿಟ್ಟು ಸೌಟಿನ ಜೊತೆಗೇ ಸುತ್ತಿಕೊಂಡು ಬಂದರೆ ಕಾವಲಿ ಅತಿಯಾಗಿ ಕಾದಿದೆ. ಉರಿ ತಗ್ಗಿಸಿ, ನಾಲ್ಕು ಹನಿ ನೀರು ಚಿಮುಕಿಸಿ, ಒರೆಸಿ ಹುಯ್ಯಿರಿ. ಹಿಟ್ಟು ಚೆನ್ನಾಗಿ ಹರಡಿ, ಎಬ್ಬಿಸುವಾಗ ಕಚ್ಚಿಕೊಂಡರೆ ಕಾವು ಕಡಿಮೆ. ನೀರ್ದೋಸೆಗೆ ಮಾತ್ರ ಕಾವಲಿ ಚೆನ್ನಾಗಿ ಕಾದಿರಲೇಬೇಕು; ಹಿಟ್ಟು ಬಿದ್ದೊಡನೆ ಚುಂಯ್ ಎಂದು ತೂತು ಬೀಳಬೇಕು, ಸೌಟಿನಿಂದ ತಿರುವುವ ಕೆಲಸವೇ ಇಲ್ಲ. ಎಣ್ಣೆ ಸವರಲು ಅರ್ಧ ಈರುಳ್ಳಿ ಒಳ್ಳೆಯದು, ತೊಟ್ಟಿನ ಸಮೇತ ಕತ್ತರಿಸಿದ ಬದನೆಕಾಯಿಯ ತುದಿ ಇನ್ನೂ ಒಳ್ಳೆಯದು, ಹಿಡಿಯಲು ತೊಟ್ಟೇ ಹಿಡಿಕೆ. ದೋಸೆ ಕಾವಲಿಯಲ್ಲಿ ಚಪಾತಿ, ರೊಟ್ಟಿ ಸುಡಬೇಡಿ. ಎಣ್ಣೆಯಿಲ್ಲದ ಒಣ ಕಾವಿಗೆ ಪೊರೆ ಸುಟ್ಟುಹೋಗಿ ಮರುದಿನ ದೋಸೆ ಏಳುವುದಿಲ್ಲ. ರೊಟ್ಟಿಗೆ ಬೇರೆ ಹಂಚು ಇರಲಿ. ಬಿಸಿ ಕಾವಲಿಗೆ ತಣ್ಣೀರು ಸುರಿದರೆ ಸೀಳುತ್ತದೆ, ಕಲ್ಲುಹಾಸಿನ ಮೇಲೆ ಬಿದ್ದರೆ ಒಡೆಯುತ್ತದೆ. ಬೀಡಿಗೆ ಬಾಗುವ ಗುಣವಿಲ್ಲ. ಇಂಡಕ್ಷನ್ ಒಲೆಯಲ್ಲೂ ನಡೆಯುತ್ತದೆ, ಆದರೆ ಕಡಿಮೆ ಕಾವಿನಿಂದ ಶುರುಮಾಡಿ ಐದು ನಿಮಿಷ ಕೊಡಬೇಕು. ಕೆಲಸ ಮುಗಿದ ಮೇಲೆ ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲೆ ಆರಿಸಿ, ಎಣ್ಣೆ ಬಟ್ಟೆಯಿಂದ ಒರೆಸಿಡಿ.

ಕೊನೆಯದು ಈಳಿಗೆ ಮಣೆ, ಕರಾವಳಿಯ ಮೆಟ್ಟುಕತ್ತಿ. ಎರಡೂ ಕೈ ತರಕಾರಿಯ ಮೇಲಿರುವುದರಿಂದ ಹಲಸಿನ ಗುಜ್ಜೆ, ಬಾಳೆದಿಂಡು, ಸುವರ್ಣಗೆಡ್ಡೆಯಂಥ ಗಟ್ಟಿ ಪದಾರ್ಥಕ್ಕೆ ಚಾಕುವಿಗಿಂತ ಸಲೀಸು, ತುದಿಯ ಹಲ್ಲಿನಲ್ಲಿ ಕಾಯಿ ತುರಿಯಬಹುದು. ಗುಜ್ಜೆ ಹೆಚ್ಚುವ ಮುಂಚೆ ಅಲಗಿಗೂ ಅಂಗೈಗೂ ತೆಂಗಿನೆಣ್ಣೆ ಹಚ್ಚಿದರೆ ಮೇಣ ಅಂಟುವುದಿಲ್ಲ. ಸ್ಟೀಲಿನ ಅಲಗಿಗೆ ತುಕ್ಕಿಲ್ಲ. ಕಬ್ಬಿಣದ ಅಲಗಿಗೆ ಹರಿತ ಹೆಚ್ಚು, ಸಾಣೆ ಹಿಡಿಯುವುದೂ ಸುಲಭ, ಆದರೆ ಮಾವಿನಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗಿ ಹೋಳಿಗೂ ಬಣ್ಣ ಹತ್ತುತ್ತದೆ. ಕೊಳ್ಳುವಾಗ ಅಲಗು ಮಡಚುವ ತಿರುಪು ಬಿಗಿಯಾಗಿದೆಯೇ, ಮಣೆಯ ಮೇಲೆ ಮಂಡಿಯೋ ಕಾಲೋ ಊರಿದಾಗ ಅಲುಗದೆ ನಿಲ್ಲುತ್ತದೆಯೇ ನೋಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎದ್ದುಹೋಗುವ ಪ್ರತಿ ಸಲವೂ ಅಲಗು ಮಡಚಿ, ಗೋಡೆಯ ಕಡೆಗೆ ತಿರುಗಿಸಿ ಎತ್ತರದಲ್ಲಿಡಿ.