ಉಳ್ಳಾಲದ ದಡದಲ್ಲೇ ಇರೋದಾ, ಒಳಗೆ ಹೋಗೋದಾ?

ಮಂಗಳೂರು ಪಕ್ಕದ ಉಳ್ಳಾಲದಲ್ಲಿ ಮಳೆಗಾಲಕ್ಕೆ ಕಡಲು ಮನೆಗೆ ನುಗ್ಗುತ್ತದೆ, ಕಡಲ ಬದಿಯ ಮನೆ ಬಿಡಬೇಕಾ ಅಂತ ಕೇಳಿದ್ದೀರಿ. ದಾರಿ ಮೂರು: ಅಲ್ಲೇ ಇರುವುದು, ಪೂರ್ತಿ ಒಳನಾಡಿಗೆ ಹೋಗುವುದು, ಅಥವಾ ಸಂಸಾರವನ್ನು ಒಳಗೆ ಕಳಿಸಿ ದೋಣಿ, ಬಲೆ ದಡದಲ್ಲೇ ಇಡುವುದು.

ಮೊದಲು ದುಡಿಮೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಅಂದರೆ ಮೀನು ಹಿಡಿಯಲು ನಿಷೇಧ. ಆಗ ನಾಡದೋಣಿಯವರಿಗೆ, ಅಂದರೆ ಸಣ್ಣ ಸಾಂಪ್ರದಾಯಿಕ ದೋಣಿಯವರಿಗೆ, ಒಳ್ಳೆಯ ಕಾಲ. ಕಡಲು ಸ್ವಲ್ಪ ಶಾಂತವಾದ ಕೂಡಲೇ ದೋಣಿ ಇಳಿಸಬೇಕು. ಅದನ್ನು ದಡದಲ್ಲಿದ್ದವರೇ ಮೊದಲು ನೋಡುತ್ತಾರೆ. ಕಡಲು ಮನೆಗೆ ನುಗ್ಗುವುದೂ ಅದೇ ತಿಂಗಳುಗಳಲ್ಲಿ, ಅದೇ ಸಂಕಟ. ಜನ ಸುಮ್ನೆ ಹಟಕ್ಕೆ ಉಳಿದಿಲ್ಲ. ನಾಡದೋಣಿಯೇ ಅನ್ನವಾದರೆ ಮೂರನೇ ದಾರಿ ವಾಸಿ. ಬಾಡಿಗೆ ಮತ್ತು ಓಡಾಟದ ಖರ್ಚು ಮಾತ್ರ ಜಾಸ್ತಿ.

ಅಲೆ ತಡೆಯಲು ದಡಕ್ಕೆ ಹಾಕಿದ ಕಲ್ಲಿನ ತಡೆಗೋಡೆ ನಂಬಬಹುದಾ? ಕಲ್ಲಿನ ಬುಡದ ಮರಳನ್ನು ಅಲೆ ಕೊರೆದರೆ ಕಲ್ಲು ಕುಸಿಯುತ್ತದೆ. ಗೋಡೆ ಮುಗಿಯುವ ಕಡೆ ಪಕ್ಕದ ದಡ ಬೇಗ ಕೊರೆದುಹೋಗುತ್ತದೆ. ನಿಮ್ಮ ಮನೆ ಆ ತುದಿಯಲ್ಲಿದ್ದರೆ, ಅಥವಾ ಬಾವಿಗೆ ಉಪ್ಪು ಬಂದಿದ್ದರೆ, ಮಕ್ಕಳನ್ನೂ ಹಿರಿಯರನ್ನೂ ಈ ಮಳೆಗಾಲಕ್ಕೆ ಮೊದಲೇ ಕಳಿಸಿ. ದಯವಿಟ್ಟು.

ದುಡಿಮೆ ಮಂಗಳೂರು ಪೇಟೆಯಲ್ಲಿದ್ದರೆ ಪೂರ್ತಿ ಹೋಗುವುದು ಸುಲಭ. ಆದರೆ ದಡದ ಜಾಗಕ್ಕೆ ಒಳ್ಳೆ ಬೆಲೆ ಸಿಗುವುದು ಕಷ್ಟ. ಅದನ್ನು ಮಾರಿ ಹೊಸ ಮನೆ ಕಟ್ಟುವ ಲೆಕ್ಕ ಹಾಕಬೇಡಿ. ನೆರೆಹೊರೆ, ದೈವಸ್ಥಾನ, ಮಸೀದಿ ಬಿಟ್ಟುಹೋಗುವ ನೋವೂ ಇದೆ, ಅಲ್ವಾ? ನಾಲ್ಕೈದು ಮನೆಯವರು ಒಟ್ಟಿಗೆ, ಹತ್ತಿರದಲ್ಲೇ ಜಾಗ ಹುಡುಕಿದರೆ ಆ ನೋವು ಸ್ವಲ್ಪ ಕಡಿಮೆಯಾಗುತ್ತದೆ.